ಎಮ್ಮೆಗೆ ನಂಬರು ಬರೆದ ಅಕ್ಕೋರು

ಒಂದು ಕೈಗಡಿಯಾರ, ಒಂದು ಛತ್ರಿ, ಊಟ ಒಯ್ಯುವ ಒಂದು ಸ್ಟೀಲ್ ಡಬ್ಬಿ. ಸಣ್ಣ ಮಕ್ಕಳಿಗೆ ಲೆಕ್ಕ ಕಲಿಸುವುದು ಹೇಗೆಂದು ಕಲಿಯಲು ನನಗೆ ತಗುಲಿದ ಖರ್ಚು ಇಷ್ಟು. ಶಿಕ್ಷಕಿಯಾಗಲು ಟಿ.ಸಿ.ಎಚ್. ಓದಿದ ಖರ್ಚನ್ನು ಇದಕ್ಕೆ ಸೇರಿಸಿಲ್ಲ, ಅಲ್ಲಿ ಕಲಿತದ್ದು ಬೇರೆ. ಗಡಿಯಾರ ಕೆರೆಗೆ ಹೋಯಿತು, ಛತ್ರಿ ಕಾಡಿಗೆ ಹೋಯಿತು. ಡಬ್ಬಿ ಇವತ್ತಿಗೂ ಯಲ್ಲಾಪುರ ತಾಲೂಕಿನ ಒಂದು ಮನೆಯಲ್ಲಿದೆ, ಒಳಗೆ ಅನ್ನದ ಬದಲು ಕಲ್ಲಿದೆ. ಎಲ್ಲಕ್ಕೂ ಕಾರಣ ಒಂದೇ: ನಾನು ಎಮ್ಮೆಗಳನ್ನು ಎಣಿಸಿದೆ. ಸಂತೆಯಲ್ಲಿ ಬೆಳೆದವಳು ನಾನು, ನಷ್ಟದ ವ್ಯಾಪಾರ ಮಾಡಿ ಸುಮ್ಮನೆ ಕೂತವಳಲ್ಲ. ಇದರಲ್ಲೂ ಲಾಭವೇ ಆಗಿದೆ. ಹೇಗೆ ಅಂತ ಹೇಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಗಡಿಯಾರ ಬಿಚ್ಚಿಟ್ಟು ಓದಬಹುದು.

ಸಿದ್ದಾಪುರದ ಸಂತೆಯಲ್ಲಿ ನನ್ನ ಅವ್ವ ರಿಬ್ಬನ್ನು, ಪಿನ್ನು, ಅಂಗೈಯಗಲದ ಕನ್ನಡಿ ಮಾರುತ್ತಿದ್ದಳು. ಮೂರನೇ ಇಯತ್ತೆಯಿಂದ ಅವಳ ಪಕ್ಕ ಕೂತೆ. ಗಿರಾಕಿ ಯಾವುದನ್ನು ಮೊದಲು ಮುಟ್ಟಿ ‘ಇದು ಚೆನ್ನಾಗಿಲ್ಲ’ ಅಂತ ಕೆಳಗಿಡುತ್ತಾಳೋ ಅವಳಿಗೆ ಬೇಕಾದದ್ದು ಅದೇ. ಇದನ್ನು ಹತ್ತು ವರ್ಷದವಳಿದ್ದಾಗಲೇ ತಿಳಿದುಕೊಂಡಿದ್ದೆ. ಮುಂದೆ ಶಿಕ್ಷಕರ ತರಬೇತಿಯಲ್ಲಿ ಮಗುವಿನ ಮನಸ್ಸಿನ ಬಗ್ಗೆ ದಪ್ಪ ಪುಸ್ತಕ ಓದಿಸಿದರು. ಇಷ್ಟು ಉಪಯೋಗದ ಮಾತು ಅದರಲ್ಲಿ ಒಂದೂ ಸಿಗಲಿಲ್ಲ.

ಮೊದಲ ನೇಮಕ ಶಿರಸಿ ತಾಲೂಕಿನಲ್ಲಿ, ಹುಲೇಕಲ್ ಕಡೆಯ ಒಂದು ಶಾಲೆ. ತೊಂಬತ್ತರ ದಶಕದ ಶುರು. ಎರಡನೇ ಇಯತ್ತೆಗೆ ಲೆಕ್ಕ ಹೇಳುತ್ತಿದ್ದೆ: ‘ರಾಮು ಪೇಟೆಯಿಂದ ಹನ್ನೆರಡು ಸೇಬು ತಂದನು.’ ಮುಂದಿನ ಸಾಲಿನ ಹುಡುಗಿ ಕೈಯೆತ್ತಿ ಕೇಳಿದಳು, “ಅವರ ಮನೇಲಿ ಯಾರಿಗೆ ಜ್ವರ ಅಕ್ಕೋರೆ?”

ಆಗ ಆ ಕಡೆ ಸೇಬು ತರುತ್ತಿದ್ದದ್ದು ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಮಾತ್ರ. ಜ್ವರಕ್ಕೆ ಎರಡು, ಆಪರೇಶನ್ನಿಗೆ ನಾಲ್ಕು.

“ಯಾರಿಗೂ ಇಲ್ಲ. ನಾಲ್ಕು ಸೇಬು ತಿಂದ, ಉಳಿದದ್ದೆಷ್ಟು?”

“ಹನ್ನೆರಡು ತಂದಿದ್ದ ಅಂದ್ರೆ ಅಜ್ಜ ಉಳಿಯೂದಿಲ್ಲ ಅಂತ ಡಾಕ್ಟ್ರು ಹೇಳಿರ್ಬೇಕು” ಅಂತ ಹಿಂದಿನಿಂದ ಒಬ್ಬ ತೀರ್ಪು ಕೊಟ್ಟ. ಅಜ್ಜ ತೀರಿಹೋಗಿ ತಿಂಗಳೂ ಆಗದ ಒಬ್ಬಳಿದ್ದಳು, ಅವಳು ಅಳಲು ಶುರು ಮಾಡಿದಳು. ಅವಳನ್ನು ನೋಡಿ ಇನ್ನಿಬ್ಬರು ಅತ್ತರು. ಅಜ್ಜನಿಗೆ ತಂದ ಸೇಬನ್ನು ತಿಂದ ರಾಮುವಿಗೆ ಉಳಿದವರು ಬೈದರು.

ಹೆಡ್ ಮಾಸ್ತರು ಅಡಿಕೆ ತೋಟದ ಮನೆಯವರು, ಎಲೆಯಡಿಕೆಯ ಸಂಚಿ ಕೈಯಲ್ಲಿ ಹಿಡಿದೇ ಬಂದರು. “ಎಂತ ಆತು ಅಕ್ಕೋರೆ? ಲೆಕ್ಕದ ತಾಸು ಸಾವಿನ ಮನೆ ಹಾಂಗೆ ಇದ್ದು!” ವಿಷಯ ಹೇಳಿದೆ. ಅವರು ಸಂಚಿಯಿಂದ ಒಂದು ಅಡಿಕೆ ಬಾಯಿಗೆ ಹಾಕಿಕೊಂಡು, “ಸೇಬು ತೆಗೆದು ಅಡಕೆ ಹಾಕಿ. ಅಡಕೆ ತಗಂಡು ಯಾರೂ ಆಸ್ಪತ್ರೆಗೆ ಹೋಗ್ತ್ವಿಲ್ಲೆ” ಅಂದರು.

ಮರುದಿನ ರಾಮು ಹನ್ನೆರಡು ಅಡಿಕೆ ತಂದ, ಎಂಟು ಸೇರಿಸಿದ. ತೋಟದ ಮನೆಯ ಹುಡುಗ ಎದ್ದು ನಿಂತ. “ಚಾಲಿಯೋ, ಕೆಂಪೋ ಅಕ್ಕೋರೆ?”

“ಹನ್ನೆರಡು ಚಾಲಿ, ಎಂಟು ಕೆಂಪು ಅಂತ ಇಟ್ಟುಕೋ. ಒಟ್ಟು ಎಷ್ಟು?”

“ಕಲಸೂಲೆ ಆಗ್ತಿಲ್ಲೆ. ಕಲಸಿದ್ರೆ ರೇಟು ಬತ್ತಿಲ್ಲೆ” ಅಂತ ಅವನು ಕೂತುಬಿಟ್ಟ. ಒಣಗಿಸಿದ ಚಾಲಿಗೆ ಒಂದು ದರ, ಬೇಯಿಸಿದ ಕೆಂಪಿಗೆ ಇನ್ನೊಂದು. ಇಡೀ ತರಗತಿ ತಲೆದೂಗಿತು. ಇಪ್ಪತ್ತು ಅಂತ ಯಾರ ಬಾಯಿಂದಲೂ ಬರಲಿಲ್ಲ.

ನಾನು ಅಲ್ಲಿಗೇ ಬುದ್ಧಿ ಕಲಿಯಬೇಕಿತ್ತು. ಮಕ್ಕಳಿಗೆ ಪರಿಚಯದ ವಸ್ತು ತಂದರೆ ಸಾಲದು, ಆ ವಸ್ತುವಿನ ಜೊತೆ ಅವರ ಮನೆಯವರು ಹೇಗೆ ನಡೆದುಕೊಳ್ಳುತ್ತಾರೆ ಅಂತಲೂ ಗೊತ್ತಿರಬೇಕು. ಕಲಿಯಲಿಲ್ಲ. ಒಂದೇ ಜಾತಿಯ ಅಡಿಕೆ ಅಂತ ಪ್ರಶ್ನೆ ತಿದ್ದಿ ಹೆಸರು ಗಳಿಸಿದೆ. ‘ಲೆಕ್ಕದ ಅಕ್ಕೋರು’ ಅನ್ನುತ್ತಿದ್ದರು. ಸೊಕ್ಕು ಬಂತು.

ಆ ಸೊಕ್ಕಿನ ಸಮೇತ ಯಲ್ಲಾಪುರ ತಾಲೂಕಿಗೆ ವರ್ಗವಾಯಿತು. ನಂದೊಳ್ಳಿಯಿಂದ ಇನ್ನೂ ಒಳಗೆ. ಬಸ್ಸಿಳಿದು ಒಂದು ತಾಸು ನಡೆದರೆ ಗೌಳಿವಾಡ, ಅಂದರೆ ಎಮ್ಮೆ ಸಾಕುವ ಗೌಳಿಗರ ಕೆಲವು ಮನೆಗಳ ಕೇರಿ. ಅದನ್ನು ದಾಟಿದರೆ ಶಾಲೆ. ಒಂದೇ ಕೋಣೆ, ಒಬ್ಬಳೇ ಅಕ್ಕೋರು, ಇಪ್ಪತ್ತು ಮಕ್ಕಳು. ಒಂಬತ್ತು ಮಂದಿ ಊರಿನ ರೈತರ ಮಕ್ಕಳು, ಹನ್ನೊಂದು ಮಂದಿ ಗೌಳಿವಾಡದವರು. ಇವರ ಮನೆಮಾತು ಮರಾಠಿಯಂಥದ್ದು, ಶಾಲೆಯ ಮಾತು ಪುಸ್ತಕದ ಕನ್ನಡ. ಹನ್ನೊಂದು ಮಂದಿಯೂ ಬರುತ್ತಿದ್ದದ್ದು ಭಾಗಿ ಎಂಬ ನಾಲ್ಕನೇ ಇಯತ್ತೆಯ ಹುಡುಗಿಯ ಹಿಂದೆ. ಅವಳು ಬಂದರೆ ಎಲ್ಲರೂ ಬರುತ್ತಿದ್ದರು, ಇಲ್ಲದಿದ್ದರೆ ಯಾರೂ ಇಲ್ಲ. ಕೇರಿಯಲ್ಲಿ ಓದಲು ಬರುವವಳು ಅವಳೊಬ್ಬಳೇ. ಔಷಧದ ಚೀಟಿ ಓದಿಸಲು, ಬಸ್ಸಿನ ಬೋರ್ಡು ಓದಿಸಲು ದೊಡ್ಡವರೂ ಅವಳನ್ನೇ ಕರೆಯುತ್ತಿದ್ದರು.

ಎರಡು ಸಾವಿರದ ಇಸವಿಯ ಆಚೀಚೆ ಕಲಿಸುವ ಪದ್ಧತಿ ಬದಲಾಯಿತು. ಬೆತ್ತ ಹೋಯಿತು, ಬಣ್ಣದ ಕಾರ್ಡುಗಳು ಬಂದವು. ಶಿರಸಿಯಲ್ಲಿ ತರಬೇತಿ ಇತ್ತು. ಪಾಠ ಹೇಳಲು ಬಂದಿದ್ದವರು, “ಮಗುವಿನ ಮನೆಯ ಬದುಕನ್ನು ತರಗತಿಗೆ ತನ್ನಿ” ಅಂತ ಮೂರು ದಿನ ಹೇಳಿದರು. ಸೇಬಿನ ಬದಲು ಅಡಿಕೆ ತಂದವಳು ನಾನು, ಇನ್ನು ಅಡಿಕೆಯ ಬದಲು ಎಮ್ಮೆ ತಂದರಾಯಿತು. ಎಮ್ಮೆಯನ್ನು ತರಗತಿಗೆ ತರಲು ಬಾಗಿಲು ಸಾಲದು, ಹಾಗಾಗಿ ತರಗತಿಯನ್ನೇ ಎಮ್ಮೆಯ ಹತ್ತಿರ ಒಯ್ದೆ.

ಶಾಲೆಗೆ ಬಳಿದು ಉಳಿದಿದ್ದ ಸುಣ್ಣವನ್ನು ನೀರಾಗಿ ಕಲಸಿ, ಒಂದೊಂದು ಮಗುವಿನ ಕೈಗೂ ಒಂದೊಂದು ತೆಂಗಿನ ನಾರಿನ ಕುಂಚ ಕೊಟ್ಟೆ. ಬೆಳಗಿನ ಹಾಲು ಕರೆದಾಗಿತ್ತು, ದೊಡ್ಡವರು ಹಾಲು ಹಾಕಲು ಹೋಗಿದ್ದರು. ಎಮ್ಮೆಗಳು ಕೊಟ್ಟಿಗೆಯ ಎದುರು ಮೆಲುಕು ಹಾಕುತ್ತ ನಿಂತಿದ್ದವು. ಕಪ್ಪು ಹಲಗೆಗಿಂತ ಒಳ್ಳೆಯ ಕಪ್ಪು. ಮಕ್ಕಳು ಒಂದರಿಂದ ಶುರು ಮಾಡಿ ಎಮ್ಮೆಗಳ ಪಕ್ಕೆಯ ಮೇಲೆ ನಂಬರು ಬರೆದರು. ನನ್ನ ಇಡೀ ಸೇವೆಯಲ್ಲಿ ಅಷ್ಟು ಖುಷಿಯ ಲೆಕ್ಕದ ತಾಸು ನೋಡಿಲ್ಲ. ‘ಏಳನೇ ಎಮ್ಮೆಯೂ ಹತ್ತನೇ ಎಮ್ಮೆಯೂ ಕೂಡಿದರೆ?’ ಅಂದರೆ ಮಕ್ಕಳು ಕುಣಿಯುತ್ತ ಹದಿನೇಳನೇ ಎಮ್ಮೆಯ ಹತ್ತಿರ ಓಡುತ್ತಿದ್ದರು. ಕೊನೆಯ ನಂಬರು ಎಷ್ಟಕ್ಕೆ ಬಂತು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಎಮ್ಮೆಗಳ ಒಡತಿಗೆ ಮಾತು ಕೊಟ್ಟಿದ್ದೇನೆ.

ಸಂಜೆ ನಾನು ಬಸ್ಸಿಗೆ ಹೊರಟಾಗ ಭಾಗಿಯ ಅಜ್ಜಿ ಜನಾಬಾಯಿ ದಾರಿಗೆ ಅಡ್ಡ ನಿಂತಿದ್ದಳು. ಕೇರಿಗೆ ಹಿರಿಯಳು, ನನ್ನ ಭುಜದಷ್ಟೇ ಎತ್ತರ, ಕೈಯಲ್ಲಿ ಕೋಲು.

“ಅಗ ಬಾಯಿ, ಎಣಿಸಿದ್ಯಾ?”

“ಪಾಠಕ್ಕೆ ಅಜ್ಜಿ. ಮಕ್ಕಳು ಎಷ್ಟು ಚೆನ್ನಾಗಿ…”

“ನಮ್ಮ ಮನೆತನದಾಗೆ ಎಮ್ಮಿ ಎಣಿಸೂದಿಲ್ಲ. ನನ್ನ ಅತ್ತಿ ಎಣಿಸಿಲ್ಲ, ಅವಳ ಅತ್ತಿ ಎಣಿಸಿಲ್ಲ. ಎಣಿಸಿದ ಹಟ್ಟಿ ಕಮ್ಮಿ ಆಗ್ತದೆ. ಆಗೇ ಹೋತು ನೋಡು. ಚಂದ್ರಿ ಬರಲಿಲ್ಲ.”

“ಯಾವ ಚಂದ್ರಿ?”

ಭಾಗಿ ಅಜ್ಜಿಯ ಬೆನ್ನ ಹಿಂದಿನಿಂದ ಪಿಸುಗುಟ್ಟಿದಳು: “ಹದಿನೇಳನೇದು ಅಕ್ಕೋರೆ.”

ಮರುದಿನ ಗೌಳಿವಾಡದ ಹನ್ನೊಂದೂ ಮಕ್ಕಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಶಾಲೆ ಬಿಟ್ಟ ಮೇಲೆ ಛತ್ರಿ ಹಿಡಿದು ಕಾಡಿನಲ್ಲಿ ಚಂದ್ರಿಯನ್ನು ಹುಡುಕಿದೆ. ಹಣೆಯ ಮೇಲೆ ಬಿಳಿ ಚುಕ್ಕೆ, ಪಕ್ಕೆಯ ಮೇಲೆ ಹದಿನೇಳು. ಇಂಥ ಎಮ್ಮೆಯನ್ನು ಕಂಡೀರಾ ಅಂತ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದೆ. ಒಬ್ಬ, “ಹದಿನಾರನೇದು ನೋಡಿದ್ದೆ” ಅಂತ ನಕ್ಕು ಹೋದ. ಒಂದು ಇಳಿಜಾರಿನಲ್ಲಿ ಜಾರಿದೆ. ನಾನು ಮರ ಹಿಡಿದುಕೊಂಡೆ, ಛತ್ರಿ ಕೆಳಗೆ ಹೋಯಿತು. ಮೂರನೇ ದಿನ ಚಂದ್ರಿ ತಾನಾಗಿಯೇ ಬಂದಳು, ಯಾರದೋ ಗದ್ದೆ ಮೇದು ಹೊಟ್ಟೆ ಎಷ್ಟು ಉಬ್ಬಿತ್ತೆಂದರೆ ಹದಿನೇಳು ಅಗಲವಾಗಿ ಕಾಣುತ್ತಿತ್ತು. ಎಮ್ಮೆ ಬಂತು, ಮಕ್ಕಳು ಬರಲಿಲ್ಲ.

ಅಷ್ಟರಲ್ಲಿ ಇಲಾಖೆಯಿಂದ ಕಾಗದ ಬಂತು. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯನ್ನು ಹತ್ತಿರದ ಶಾಲೆಗೆ ಸೇರಿಸುವ ವಿಚಾರವಿದೆ, ಇನ್ಸ್‌ಪೆಕ್ಟರ್ ಸಾಹೇಬರು ಬರುವ ತಿಂಗಳು ಖುದ್ದು ಬಂದು ಹಾಜರಾತಿ ನೋಡುತ್ತಾರೆ ಅಂತ. ಹತ್ತಿರದ ಶಾಲೆ ಇದ್ದದ್ದು ಹಳ್ಳದ ಆಚೆ. ಮಳೆಗಾಲದಲ್ಲಿ ಆ ಹಳ್ಳವನ್ನು ದೊಡ್ಡವರೇ ದಾಟುತ್ತಿರಲಿಲ್ಲ. ನಮ್ಮ ಶಾಲೆ ಮುಚ್ಚಿದರೆ ನನಗೆ ಬೇರೆ ಊರು ಸಿಗುತ್ತಿತ್ತು, ಭಾಗಿಗೆ ಬೇರೆ ಶಾಲೆ ಸಿಗುತ್ತಿರಲಿಲ್ಲ. ಅವಳ ಓದು ನಾಲ್ಕನೇ ಇಯತ್ತೆಯ ಅರ್ಧಕ್ಕೇ ಮುಗಿಯುತ್ತಿತ್ತು. ಅದೂ ನನ್ನ ಸುಣ್ಣದ ನೀರಿನಿಂದ.

ಜನಾಬಾಯಿಯ ಅಂಗಳಕ್ಕೆ ಹೋಗಿ ಕೂತೆ. ಚೌಕಾಸಿ ನನಗೆ ಹೊಸದಲ್ಲ. ಮೊದಲು ಮಾತಾಡಿದವರು ಸೋಲುತ್ತಾರೆ ಅಂತ ಅವ್ವ ಹೇಳಿಕೊಟ್ಟಿದ್ದಳು, ಹಾಗಾಗಿ ಸುಮ್ಮನೆ ಕೂತೆ. ಜನಾಬಾಯಿಗೂ ಯಾರೋ ಅದನ್ನೇ ಹೇಳಿಕೊಟ್ಟಿದ್ದರು. ಅವಳು ಮೊಸರು ಕಡೆದಳು, ಬೆಣ್ಣೆ ತೆಗೆದಳು, ಪಾತ್ರೆ ತೊಳೆದಳು. ಕಡೆಗೆ ನಾನೇ ಬಾಯಿ ಬಿಟ್ಟೆ.

“ತಪ್ಪಾಯ್ತು ಅಜ್ಜಿ. ಏನು ಮಾಡಿದ್ರೆ ಮಕ್ಕಳನ್ನ ಕಳಿಸ್ತೀರಿ?”

“ನಂಬರು ತೊಳಿ. ನೀನೇ ತೊಳಿಬೇಕು.”

“ಆಯ್ತು.”

“ಎಮ್ಮಿಗೆ ಹೆಸರದೆ, ಹೆಸರು ಕಲಿ. ಎಲ್ಲಾದ್ದೂ. ನಾ ಕೇಳ್ತೆ, ನೀ ಹೇಳ್ಬೇಕು.”

“ಪರೀಕ್ಷೆಯಾ?”

“ನೀ ನಮ್ಮ ಪೋರಿಗೆ ಮಾಡೂದಿಲ್ಲನಾ?”

ಕೆರೆಯಲ್ಲಿ ಸೊಂಟದ ಮಟ್ಟ ನೀರಿಗಿಳಿದು ಎರಡು ಭಾನುವಾರ ನಂಬರು ತೊಳೆದೆ. ಎಮ್ಮೆಗೆ ಮೈ ತಿಕ್ಕಿಸಿಕೊಳ್ಳುವುದು ಸುಖ, ತೊಳೆದಾದ ಎಮ್ಮೆ ಮತ್ತೆ ಬಂದು ಸಾಲಿನಲ್ಲಿ ನಿಲ್ಲುತ್ತಿತ್ತು. ಕೈಗಡಿಯಾರ ಅಲ್ಲೇ ಎಲ್ಲೋ ಕಳಚಿ ಬಿತ್ತು. ಆಮೇಲೆ ಹೆಸರು. ಕಾಳಿ, ಸೋನಿ, ಗಂಗಿ, ತುಳಶಿ, ಹರಣಿ… ಪಟ್ಟಿ ಬರೆದು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಪಕ್ಕದಲ್ಲಿ ಕೂತವಳು, “ನಿಮ್ಮ ಕ್ಲಾಸಿನ ಹುಡುಗೀರಾ?” ಅಂತ ಕೇಳಿದ್ದಕ್ಕೆ ಹೌದೆಂದೆ.

ಮೊದಲ ಸಲ ಫೇಲು. ಕಪ್ಪು ಎಮ್ಮೆಗಳ ಗುಂಪಿನಲ್ಲಿ ಚಂದ್ರಿಯನ್ನು ಬಿಟ್ಟು ಒಂದೂ ಗುರುತಾಗಲಿಲ್ಲ. ಎರಡನೇ ಸಲ ಅಜ್ಜಿ ಎಮ್ಮೆ ತೋರಿಸಿ ಹೆಸರು ಕೇಳಿದಾಗ ಭಾಗಿ ಬೇಲಿಯ ಹತ್ತಿರ ನಿಂತು ಸನ್ನೆ ಮಾಡಿದಳು. ಕಿವಿ ಮುಟ್ಟಿದರೆ ಹರಣಿ, ಮೂಗು ಮುಟ್ಟಿದರೆ ಗಂಗಿ. ಮೂರನೆಯದಕ್ಕೇ ಅಜ್ಜಿ ಹಿಡಿದಳು. “ಏ ಪೋರಿ, ಅಕ್ಕೋರಿಗೆ ಕಾಪಿ ಹೊಡಸ್ತೀಯಾ? ನಾಚ್ಕಿ ಆಗೂದಿಲ್ಲ? ನಿನಗಲ್ಲ, ಅವಳಿಗೆ!” ಪ್ರತಿ ಮಾರ್ಚ್ ತಿಂಗಳಲ್ಲಿ ಪಕ್ಕದವರ ಪಾಟಿ ನೋಡಿದ ಮಕ್ಕಳ ಕಿವಿ ಹಿಂಡುತ್ತಿದ್ದ ನಾನು ತಲೆ ತಗ್ಗಿಸಿ ನಿಂತೆ.

ಮೂರನೇ ಸಲ ಅಜ್ಜಿ ಪ್ರಶ್ನೆ ತಿರುವಿದಳು, ಹೆಸರು ಅವಳದು, ಎಮ್ಮೆ ತೋರಿಸುವವಳು ನಾನು. ಸಂತೆಯ ಬುದ್ಧಿ ಓಡಿತು. “ತುಳಶಿ ಯಾವುದು?” ಅಂತ ಜನಾಬಾಯಿ ಕೇಳಿದಾಗ ನಾನು ಎಮ್ಮೆಗಳ ಮುಖ ನೋಡಲಿಲ್ಲ. ಗಟ್ಟಿಯಾಗಿ, “ತುಳಶೀ!” ಅಂತ ಕರೆದೆ. ಒಂದು ತಲೆ ಎದ್ದಿತು. “ಅದು” ಅಂದೆ. ಹೀಗೆ ಎಲ್ಲವನ್ನೂ ಹೇಳಿ ಮುಗಿಸಿದೆ. ಜನಾಬಾಯಿ ಮೊದಲ ಬಾರಿ ನಕ್ಕಳು. “ಹುಷಾರಿ ಇದ್ದೀ. ಪಾಸು. ಹಾಲು ಕರೆದಾದ ಮೇಲೆ ಕಳಿಸ್ತೆ, ಅದಕ್ಕೂ ಮೊದಲು ಇಲ್ಲ.”

ಅವತ್ತೇ ಕೇಳಿದೆ: “ಎಣಿಸದೆ ಎಲ್ಲ ಬಂದವು ಅಂತ ಹೇಗೆ ಗೊತ್ತಾಗ್ತದೆ?”

ಅವಳು ಬೇಲಿ ದಾಟುವ ದಣಪೆಯ ಹತ್ತಿರ ಇಟ್ಟಿದ್ದ ಒಂದು ಮಡಕೆ ತೋರಿಸಿದಳು. ಬೆಳಿಗ್ಗೆ ಒಂದೊಂದು ಎಮ್ಮೆ ಹೊರಗೆ ಹೋದ ಹಾಗೆ ಒಂದೊಂದು ಕಲ್ಲು ಒಳಗೆ ಹಾಕುವುದು. ಸಂಜೆ ಒಂದೊಂದು ಬಂದ ಹಾಗೆ ಒಂದೊಂದು ಕಲ್ಲು ತೆಗೆಯುವುದು. ಮಡಕೆ ಖಾಲಿಯಾದರೆ ಬಾಗಿಲು ಹಾಕಿ ಮಲಗುವುದು. ಕಲ್ಲು ಉಳಿದರೆ ಹುಡುಕಲು ಹೋಗುವುದು. ನಾಲಿಗೆಯ ಮೇಲೆ ಒಂದು, ಎರಡು ಅಂತ ಬರುವುದೇ ಇಲ್ಲ. ಇಷ್ಟು ವರ್ಷ ಒಂದನೇ ಇಯತ್ತೆಗೆ ಒಂದು, ಎರಡು ಅಂತ ಕೂಗಿಸಿದ್ದೆ. ಕೂಗುವುದಕ್ಕೂ ಮೊದಲು ಕಲಿಸಬೇಕಾದದ್ದು ಈ ಮಡಕೆಯಲ್ಲಿತ್ತು.

ಮರುದಿನ ನನ್ನ ಊಟದ ಡಬ್ಬಿಯನ್ನು ಶಾಲೆಯ ಬಾಗಿಲಲ್ಲಿಟ್ಟೆ, ಊಟವನ್ನು ಬಾಳೆ ಎಲೆಯಲ್ಲಿ ಕಟ್ಟಿ ತರತೊಡಗಿದೆ. ಬಂದ ಮಗು ಒಂದು ಕಲ್ಲು ಹಾಕುವುದು, ಹೋಗುವಾಗ ಒಂದು ತೆಗೆಯುವುದು. ಹಾಜರಿ ಪುಸ್ತಕಕ್ಕೆ ಹೆಸರು ಕರೆದೇ ಬರೆಯುತ್ತಿದ್ದೆ, ಕಲ್ಲುಗಳನ್ನು ಎಣಿಸಲು ಹೋಗಲಿಲ್ಲ. ಡಬ್ಬಿಯನ್ನು ಬೆಳಿಗ್ಗೆ ತರುವುದು, ಸಂಜೆ ಒಯ್ಯುವುದು ಭಾಗಿಯ ಜವಾಬ್ದಾರಿ. ಕೂಡಿಸುವುದು, ಕಳೆಯುವುದು ಎಲ್ಲ ಕಲ್ಲಿನಲ್ಲೇ ನಡೆಯಿತು. ಯಾರಿಗೂ ಜ್ವರ ಬರಲಿಲ್ಲ, ಯಾರ ಅಜ್ಜನೂ ಸಾಯಲಿಲ್ಲ.

ಸಾಹೇಬರು ಬಂದದ್ದು ಒಂದು ಮಂಗಳವಾರ, ಬೈಕಿನ ಮೇಲೆ. ಹಾವೇರಿ ಕಡೆಯವರು, ದೊಡ್ಡ ದನಿ, ಒಳ್ಳೆಯ ಮನಸ್ಸು. ಅವತ್ತೇ ಊರಿನ ಒಬ್ಬ ಹುಡುಗನಿಗೆ ಜ್ವರ. ಹತ್ತೊಂಬತ್ತು ಮಕ್ಕಳಿದ್ದರು. ಪಾಲಕರೂ ಇರಬೇಕೆಂದು ಸಾಹೇಬರು ಮೊದಲೇ ಹೇಳಿ ಕಳಿಸಿದ್ದರು, ಜನಾಬಾಯಿ ಕೋಲು ಹಿಡಿದು ಬಾಗಿಲಲ್ಲಿ ಕೂತಿದ್ದಳು.

ಸಾಹೇಬರು ಭಾಗಿಯನ್ನು ಎಬ್ಬಿಸಿದರು. “ನಿಮ್ಮ ಮನಿಯಾಗ ಎಮ್ಮಿ ಎಷ್ಟ್ ಅದಾವವಾ?”

“ಎಲ್ಲಾ ಅದಾವೆ ಸಾಹೇಬ್ರೆ.”

“ಎಲ್ಲಾ ಅಂದ್ರ ಎಷ್ಟು?”

ಭಾಗಿ ಹೆಸರು ಹೇಳತೊಡಗಿದಳು. ಸಾಹೇಬರು ಹರಣಿಯ ಹತ್ತಿರ ಕೈಯೆತ್ತಿ ತಡೆದರು. “ಸಾಕ್ ಸಾಕು. ಅದ್ರಾಗ ಐದು ಮಾರಿದ್ರ ಎಷ್ಟ್ ಉಳೀತಾವು?”

“ಯಾವ ಐದು?”

“ಯಾವುದರೆ ಐದು!”

“ಕಾಳಿನ ಮಾರಿದ್ರೆ ಅದರ ಕರುನೂ ಹೋಗ್ತದೆ, ಆಗ ಆರು. ಸೋನಿನ ಯಾರೂ ಕೊಳ್ಳೂದಿಲ್ಲ, ಒದೀತಾಳೆ. ಆಗ ನಾಲ್ಕು.”

ಸಾಹೇಬರು ನನ್ನ ಮುಖ ನೋಡಿದರು. ನಾನು ಗೋಡೆಯ ನಕ್ಷೆ ನೋಡಿದೆ. “ಹುಡುಗೀ ಶಾಣ್ಯಾ ಅದಾಳ್ರಿ” ಅಂದರು. “ಇರ್ಲಿ. ಎಲ್ಲಾರ್ನೂ ಸಾಲಾಗಿ ನಿಂದರಸ್ರಿ, ಎಣಿಸಿ ಹೋಗ್ತೀನಿ.”

ಬೆರಳು ತೋರಿಸಿ, “ಒಂದು, ಎರಡು…” ಅಂದರು. ಕೋಲು ನೆಲಕ್ಕೆ ಬಡಿಯಿತು.

“ಏ ಸಾಯೇಬಾ! ಎಮ್ಮಿನೇ ಎಣಿಸಬಾರದು, ನೀ ಪೋರರ ಎಣಿಸ್ತಿ?”

ಮಕ್ಕಳಿಗೆ ಅಷ್ಟೇ ಸಾಕಾಯಿತು. ಗೌಳಿವಾಡದವರು ಬೆಂಚಿನ ಕೆಳಗೆ, ಕಪಾಟಿನ ಹಿಂದೆ ಅಡಗಿದರು. ಆಟವೆಂದುಕೊಂಡು ಊರಿನ ಮಕ್ಕಳೂ ಅಡಗಿದರು. ಸಾಹೇಬರು ಮೂರು ಸಲ ಶುರು ಮಾಡಿದರು. ಒಮ್ಮೆ ಏಳು ಬಂತು, ಒಮ್ಮೆ ಇಪ್ಪತ್ತಾರು ಬಂತು. ಒಮ್ಮೆ ಜನಾಬಾಯಿಯನ್ನೂ ಎಣಿಸಿ ಬೈಸಿಕೊಂಡರು.

ಕರ್ಚೀಫಿನಿಂದ ಮುಖ ಒರೆಸಿಕೊಂಡು ಕೇಳಿದರು, “ಹಂಗಾದ್ರ ವರದಿಯೊಳಗ ನಾ ಏನ್ ಬರೀಲೆವ್ವಾ? ಮಕ್ಕಳು ಒಂದಿಷ್ಟು ಅದಾವು ಅಂತ ಬರೀಲೇನು?”

“ಬರಿ” ಅಂದಳು ಜನಾಬಾಯಿ. “ಎಲ್ಲಾ ಅದಾವೆ ಅಂತ ಬರಿ.”

ಎರಡೂ ಕಡೆಯವರು ಹಟ ಹಿಡಿದಾಗ ಮಧ್ಯದಲ್ಲಿ ಬೇರೆ ಸಾಮಾನು ಇಡಬೇಕು, ಅದು ಸಂತೆಯ ಪಾಠ. ನಾನು ಡಬ್ಬಿ ತಂದು ಮೇಜಿನ ಮೇಲಿಟ್ಟೆ. “ಸರ್, ಬಂದವರೆಲ್ಲ ಇದರಲ್ಲಿ ಒಂದೊಂದು ಕಲ್ಲು ಹಾಕಿದ್ದಾರೆ. ಕಲ್ಲು ಎಣಿಸಿ. ಅಜ್ಜಿ, ಕಲ್ಲು ಎಣಿಸಬಹುದಲ್ಲ?”

ಜನಾಬಾಯಿ ಕೋಲು ಕೆಳಗಿಟ್ಟಳು. “ಕಲ್ಲಿಗೆಂತ ಆಗ್ತದೆ? ಎಣಿಸ್ಕೊ.”

ಹತ್ತೊಂಬತ್ತು ಕಲ್ಲು ಬರುತ್ತವೆ ಅಂತ ನನಗೆ ಗೊತ್ತಿತ್ತು. ಹತ್ತೊಂಬತ್ತನ್ನು ಇಟ್ಟುಕೊಂಡು, ಜ್ವರದ ಹುಡುಗನ ಮನೆಗೆ ಬೈಕಿನಲ್ಲಿ ಹೋಗಿ ನೋಡೋಣ ಅಂತ ಚೌಕಾಸಿ ಮಾಡುವ ಯೋಚನೆಯಲ್ಲಿದ್ದೆ. ಸಾಹೇಬರು ಒಂದೊಂದೇ ಕಲ್ಲು ಮೇಜಿನ ಮೇಲೆ ಜೋಡಿಸಿದರು. “ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಬರೋಬ್ಬರಿ!” ಅಂತ ಬರೆದು ಸಹಿ ಹಾಕಿದರು. ಕಲ್ಲುಗಳನ್ನು ಡಬ್ಬಿಗೆ ವಾಪಸು ಹಾಕಿ, ಜನಾಬಾಯಿ ತಂದ ಮಜ್ಜಿಗೆ ಎರಡು ಲೋಟ ಕುಡಿದರು.

ನಾನು ಬಾಯಿ ಬಿಡಲಿಲ್ಲ. ಸುಳ್ಳು ಹೇಳಿದೆ ಅಂತ ಯಾರೂ ಅನ್ನುವ ಹಾಗಿಲ್ಲ, ಕಲ್ಲು ಇಪ್ಪತ್ತು ಇದ್ದದ್ದು ನಿಜ. ಮಕ್ಕಳು ಇಪ್ಪತ್ತು ಅಂತ ಬರೆದದ್ದು ಅವರ ಕೈ.

ಜನಾಬಾಯಿಯೂ ಮಕ್ಕಳೂ ಮನೆಗೆ ಹೋದ ಮೇಲೆ, ನಾನು ಶಾಲೆಗೆ ಬೀಗ ಹಾಕುವಾಗ ಸಾಹೇಬರು, “ಬರ್ರಿ, ಬಸ್‌ಸ್ಟಾಪಿನ ತನಕ ಬಿಡ್ತೀನಿ” ಅಂದರು. ಬೈಕಿನ ದಾರಿ ಬೇರೆ, ಗುಡ್ಡದ ಆಚೆಯಿಂದ ಸುತ್ತು. ಗೌಳಿವಾಡದ ಮೇಲೆ ಹೋಗುವುದಿಲ್ಲ. ಹಿಂದೆ ಕೂತು ಹೋದೆ. ಇಪ್ಪತ್ತನೇ ಕಲ್ಲು ಎಲ್ಲಿಂದ ಬಂತು ಅನ್ನುವ ಯೋಚನೆಯಲ್ಲಿ ಸಾಹೇಬರು ದಾರಿಯುದ್ದಕ್ಕೂ ಹೇಳಿದ್ದು ಕಿವಿಗೇ ಬೀಳಲಿಲ್ಲ.

ಮರುದಿನ ಗೌಳಿವಾಡಕ್ಕೆ ಬಂದರೆ ಗಂಡಸರು ಕೆಂಪು ಕಣ್ಣು ಮಾಡಿಕೊಂಡು ಕಟ್ಟೆಯ ಮೇಲೆ ಕೂತಿದ್ದಾರೆ. ಜನಾಬಾಯಿ ನನ್ನನ್ನು ಕಂಡದ್ದೇ ಕೋಲು ಎತ್ತಿದಳು.

“ಎಲ್ಲಿ ಸತ್ತಿದ್ಯೆ? ರಾತ್ರಿಯೆಲ್ಲಾ ಕಾಡು ತಿರುಗಿದಾರೆ! ಹಳ್ಳದ ತನಕ ಕೂಗಿದಾರೆ!”

“ನನ್ನನ್ನಾ? ಯಾಕೆ?”

ಅವಳು ಒಳಗೆ ಹೋಗಿ ನನ್ನ ಊಟದ ಡಬ್ಬಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಂದೇ ಕಲ್ಲಿನ ಸದ್ದು.

“ಇದು ನಿಂದು. ನೀ ಇಲ್ಲಿ ದಾಟಿ ಸಾಲಿಗೆ ಹೋದ ಮೇಲೆ ಹಾಕೂದು, ಸಂಜಿಗೆ ಬಾಗಿಲ ಮುಂದೆ ಬಸ್ಸಿಗೆ ಹೋದಾಗ ತೆಗಿಯೂದು. ಪಾಸಾದ ದಿನದಿಂದ ಹಾಕ್ತೆ. ಒಬ್ಬಳೇ ಕಾಡಾಗೆ ಬರ್ತೀ ಹೋಗ್ತೀ, ತಪ್ಪಿಸ್ಕಂಡ್ರೆ ಗೊತ್ತಾಗೂದು ಬೇಡನಾ?”

ಬೆಳಿಗ್ಗೆ ಅವಳು ಹೇಳಿದಂತೆ ಭಾಗಿ ಡಬ್ಬಿಯಲ್ಲಿ ನನ್ನ ಕಲ್ಲು ಹಾಕಿಕೊಂಡೇ ಶಾಲೆಗೆ ಬರುತ್ತಿದ್ದಳು. ಸಂಜೆ ಮಕ್ಕಳೆಲ್ಲ ತಮ್ಮದನ್ನು ತೆಗೆದ ಮೇಲೆ ಉಳಿದ ಒಂದನ್ನು ಅಜ್ಜಿಗೆ ಒಪ್ಪಿಸುತ್ತಿದ್ದಳು. ಶಾಲೆಯನ್ನು ಉಳಿಸಿದ ಇಪ್ಪತ್ತನೇ ವಿದ್ಯಾರ್ಥಿ ನಾನೇ.

“ಕಾಡಲ್ಲಿ ಏನಂತ ಕೂಗಿದ್ರಿ?” ಅಂತ ಕೇಳಿದೆ.

“ನಿನ್ನ ಹೆಸರು ಯಾರಿಗೆ ಗೊತ್ತು? ಎಮ್ಮಿ ಕರಿಯೋ ಹಂಗೇ ಕರದ್ರು” ಅಂದಳು. ಸುಮ್ಮನೆ ಕೂತಿದ್ದವರಲ್ಲಿ ಒಬ್ಬ ಕರೆದೂ ತೋರಿಸಿದ. ಕೊಟ್ಟಿಗೆಯಲ್ಲಿ ಸೋನಿ ಉತ್ತರ ಕೊಟ್ಟಳು.

ಭಾಗಿ ಅದೇ ಶಾಲೆಯಲ್ಲಿ ಮುಗಿಸಿ ಯಲ್ಲಾಪುರದ ಹಾಸ್ಟೆಲಿಗೆ ಹೋದಳು. ವರ್ಗವಾದಾಗ ನಾನು ಡಬ್ಬಿ ಬಿಟ್ಟು ಬಂದೆ, ಕಲ್ಲನ್ನು ಕೇಳಿದೆ. ಜನಾಬಾಯಿ ಕೊಡಲಿಲ್ಲ. ಅದರ ಮೇಲೆ ಚೌಕಾಸಿ ಮಾಡಲು ನನಗೂ ಮನಸ್ಸಾಗಲಿಲ್ಲ.

ಈಗ ಹೊಸಬರಿಗೆ ನಾಲ್ಕು ಮಾತು. ಪುಸ್ತಕದ ಲೆಕ್ಕದಲ್ಲಿ ಸೇಬು ಕಂಡರೆ ಮೊದಲು ಯಾರಿಗೆ ಜ್ವರ ಅಂತ ವಿಚಾರಿಸಿ. ಮಕ್ಕಳ ಮನೆಯ ಬದುಕನ್ನು ತರಗತಿಗೆ ತರುವ ಮುಂಚೆ ಆ ಮನೆಯ ಅಜ್ಜಿಯನ್ನು ಕೇಳಿ. ಅವಳು ಪರೀಕ್ಷೆ ಮಾಡುತ್ತೇನೆ ಅಂದರೆ ಕೂತುಕೊಳ್ಳಿ, ಫೇಲಾದರೆ ಮತ್ತೆ ಕಟ್ಟಿ. ನೀರಿಗಿಳಿಯುವಾಗ ಗಡಿಯಾರ ಬಿಚ್ಚಿಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಸಂಜೆ ಯಾರು ಬೈಕಿನಲ್ಲಿ ಕರೆದರೂ ಹತ್ತಬೇಡಿ. ಬಂದ ದಾರಿಯಲ್ಲೇ, ಅವರ ಬಾಗಿಲ ಮುಂದೆಯೇ ನಡೆದು ಹೋಗಿ. ನಿಮ್ಮ ಹೆಸರಿನ ಕಲ್ಲು ಯಾವ ಡಬ್ಬಿಯಲ್ಲಿ ಬಿದ್ದಿರುತ್ತದೋ ನಿಮಗೆ ಗೊತ್ತಿರುವುದಿಲ್ಲ. ಅದನ್ನು ತೆಗೆಯದೆ ಅಲ್ಲಿ ಯಾರೂ ಮಲಗುವುದಿಲ್ಲ.